ಶಹಾಬಾದ್ ಕಲ್ಲಿನ ಬಚ್ಚಲಲ್ಲಿ ಬೋರ್ ನೀರಿನ ಬಿಳಿ ಕರೆ: ಆ್ಯಸಿಡ್‌ಗೆ ಎಷ್ಟು ನೀರು ಬೆರೆಸಬೇಕು?

ಎಷ್ಟೂ ಬೇಡ. ಆ ಬಾಟಲಿಯ ಮುಚ್ಚಳವನ್ನೇ ತೆಗೆಯಬೇಡಿ.

ಕಲಬುರಗಿಯ ನಮ್ಮ ಮನೆಯಲ್ಲೂ ಇದೇ ಕಥೆ. ಬೋರ್ ನೀರು, ಶಹಾಬಾದ್ ಕಲ್ಲು, ನಲ್ಲಿ ಕೆಳಗೆ ತಟ್ಟೆಯಷ್ಟಗಲ ಬಿಳಿ ಕರೆ. ದೀಪಾವಳಿಗೆ ಮನೆ ತೊಳೆಯುವಾಗ ಒಂದು ಲೀಟರ್ ಆ್ಯಸಿಡ್ ತಂದು ಸುರಿದೆ. ಬುಸ್ ಅಂತ ನೊರೆ ಎದ್ದಿತು. ಕೊಳೆ ಬಿಡುತ್ತಿದೆ ಅಂದುಕೊಂಡೆ. ಇನ್ನಷ್ಟು ಸುರಿದೆ.

ಆ ನೊರೆಯನ್ನು ನಂಬಿದ್ದೇ ನನ್ನ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ಎಡವುತ್ತೀರಿ. ಬೋರ್ ನೀರು ಬಿಡುವ ಬಿಳಿ ಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಅದರಲ್ಲಿರುವುದೂ ಬಹುಪಾಲು ಅದೇ. ಕರೆ ಯಾವುದು, ಕಲ್ಲು ಯಾವುದು ಅಂತ ಆ್ಯಸಿಡ್‌ಗೆ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಕೊಡುವ ಹೈಡ್ರೋಕ್ಲೋರಿಕ್ ಆಮ್ಲ ಕಾರ್ಬೊನೇಟನ್ನು ಮುಟ್ಟಿದರೆ ಕ್ಯಾಲ್ಸಿಯಂ ಕ್ಲೋರೈಡ್, ನೀರು, ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಕ್ಲೋರೈಡ್ ನೀರಲ್ಲಿ ಕರಗಿ ಚರಂಡಿ ಸೇರುತ್ತದೆ. 100 ಗ್ರಾಂ ಕಾರ್ಬೊನೇಟ್ ಕರಗಿದರೆ ಅದರಿಂದ 44 ಗ್ರಾಂ ಗ್ಯಾಸ್ ಹೊರಡುತ್ತದೆ. ನೊರೆ ಅಂದರೆ ಅದೇ ಗ್ಯಾಸ್. ಕರೆ ಮೊದಲ ಎರಡು ನಿಮಿಷದಲ್ಲೇ ಹೋಗಿತ್ತು, ಆಮೇಲೆ ಬಂದ ನೊರೆಯೆಲ್ಲ ನನ್ನ ನೆಲದ್ದು. ನೀರು ಜಾಸ್ತಿ ಬೆರೆಸಿದರೆ ಕಲ್ಲು ನಿಧಾನವಾಗಿ ಕರಗುತ್ತದೆ, ಅಷ್ಟೇ. ನಿಂಬೆಹುಳಿ, ವಿನೆಗರ್‌ಗೂ ಇದೇ ಮಾತು.

ಒಣಗಿದ ಮೇಲೆ ಕಾಲಿಟ್ಟರೆ ಉಪ್ಪುಕಾಗದದ ಹಾಗೆ ತರಿತರಿ. ಬೂದು ಕಲ್ಲು ಸುಣ್ಣ ಬಳಿದಂತೆ ಬಿಳುಚಿಕೊಂಡಿತ್ತು. ನುಣುಪು ಹೋದದ್ದರಿಂದ ಕೊಳೆಯೂ ಬೇಗ ಹಿಡಿಯಿತು.

ಉಳಿದ ಆ್ಯಸಿಡನ್ನು ತಗಡಿನ ಬಕೆಟ್‌ಗೆ ಸುರಿದಿದ್ದೆ. ಅಲ್ಲೂ ಗುಳ್ಳೆ! ಆದರೆ ಅದು ಬೇರೆ ಗ್ಯಾಸ್. ತಗಡಿನ ಮೇಲಿನ ಸತುವಿಗೆ ಆಮ್ಲ ತಾಗಿದರೆ ಹೈಡ್ರೋಜನ್ ಬರುತ್ತದೆ, ಅದು ಬೆಂಕಿ ಹಿಡಿಯುವ ಗ್ಯಾಸ್. ನೀರೊಲೆ ಆಗ ಉರಿಯುತ್ತಿರಲಿಲ್ಲ, ಪುಣ್ಯ. ವಾರದೊಳಗೆ ಬಕೆಟ್ ತುಕ್ಕು ಹಿಡಿಯಿತು.

ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿ ಘಾಟು ವಾಸನೆಗೆ ಬಂದು ನೋಡಿದರು. "ಅಕ್ಕಾ, ಮೊದಲು ಅಡಿಗಿ ಸೋಡಾ ತರ್ರಿ" ಅಂದರು. ಬಕೆಟ್‌ಗೆ ಚೂರು ಚೂರೇ ಹಾಕಿಸಿದರು. ಸೋಡಾ ಹಾಕಿದರೂ ನೊರೆ ಬರದಿದ್ದರೆ ಆಮ್ಲ ಮುಗಿಯಿತು ಅಂತ ಲೆಕ್ಕ. ಹೊಸ ಸುಣ್ಣ ಪ್ರತ್ಯಾಮ್ಲ, ಅದೂ ಆಮ್ಲವನ್ನು ಕೊಲ್ಲುತ್ತದೆ. ಆದರೆ ನೊರೆ ಬರುವುದಿಲ್ಲ, ಬಿಸಿ ಮಾತ್ರ ಏರುತ್ತದೆ, ಮುಗಿದದ್ದು ಕಣ್ಣಿಗೆ ಕಾಣುವುದಿಲ್ಲ. ಬ್ಲೀಚಿಂಗ್ ಪೌಡರ್ ಅಂತೂ ಆ್ಯಸಿಡ್ ಹತ್ತಿರ ತರಲೇಬೇಡಿ, ಕ್ಲೋರಿನ್ ಎದ್ದು ಉಸಿರು ಕಟ್ಟಿಸುತ್ತದೆ.

ಹಾಗಾದರೆ ಏನು ಮಾಡಬೇಕು ಅಂತೀರಾ? ಉಜ್ಜಿಯೇ ತೆಗೆಯಬೇಕು. ನೀರು ಹಾಕಿ ಉಜ್ಜುವ ನಯವಾದ ಪಾಲಿಶ್ ಪೇಪರ್ ತಂದು ಕೈಯಲ್ಲೇ ತಿಕ್ಕಿ. ಕರೆ ದಪ್ಪಗಿದ್ದರೆ ಪಾಲಿಶ್ ಮಷಿನ್‌ನವರನ್ನು ಕರೆಸಿ. ನಾನೂ ಕರೆಸಿದೆ, ತರಿ ಹೋಯಿತು. ನಲ್ಲಿ ಕೆಳಗಿನ ತಗ್ಗು ಮಾತ್ರ ಹಾಗೇ ಇದೆ. ಅಲ್ಲಿ ಅಂಗೈಯಷ್ಟು ನೀರು ನಿಂತು, ಒಣಗಿ, ಮತ್ತೆ ಬಿಳಿ ಕಟ್ಟುತ್ತದೆ. ಅದಕ್ಕೇ ದಿನಾ ರಾತ್ರಿ ಮಲಗುವ ಮುಂಚೆ ಒಣಬಟ್ಟೆಯಿಂದ ಆ ಜಾಗ ಒರೆಸುತ್ತೇನೆ.