ಮೆರೋಪೆನೆಮ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾಗೆ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಶುರು ಮಾಡಬಹುದಾ, ಇಲ್ಲ ಅದಕ್ಕಿಂತ ಸ್ಟ್ರಾಂಗ್ ಇಂಜೆಕ್ಷನ್ ಬೇಕಾ?

ರಕ್ತದ ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ, ರಿಪೋರ್ಟ್ ತುಂಬಾ ಬರೀ ‘ಆರ್’ (ರೆಸಿಸ್ಟೆಂಟ್, ಅಂದ್ರೆ ಔಷಧಿ ನಾಟಲ್ಲ), ಹೊರಗೆ ಬೆಂಚಿನ ಮೇಲೆ ಮನೆಯವರು. ನಾನೂ ಅಲ್ಲೇ ನಿಂತಿದ್ದೆ.

ನನ್ನ ಪೇಷಂಟ್ ಒಬ್ಬರು ಅಜ್ಜಿ. ಶುಗರ್ ಇತ್ತು, ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು. ಕಿಡ್ನಿಗೆ ಏಟು ಬೀಳುತ್ತೆ ಅಂತ ಕೊಲಿಸ್ಟಿನ್ ಬಿಟ್ಟು ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಬರೆದೆ. 2.5 ಗ್ರಾಂ, ಎಂಟು ಗಂಟೆಗೊಮ್ಮೆ, ಎರಡು ಗಂಟೆ ನಿಧಾನವಾಗಿ ಡ್ರಿಪ್. ಕ್ರಿಯಾಟಿನಿನ್ ನೋಡಿಯೇ ಡೋಸ್ ಹಾಕಿದ್ದೆ, ಅದರಲ್ಲಿ ತಪ್ಪಿರಲಿಲ್ಲ.

ತಪ್ಪಾಗಿದ್ದು ಒಂದು ಫೋನಿನಲ್ಲಿ. ಲ್ಯಾಬಿನ ಹುಡುಗಿ ಕೇಳಿದಳು, “ಸಾರ್, ಜೀನ್ ಟೆಸ್ಟ್ ಹಾಕ್ಲಾ?” ಬ್ಯಾಕ್ಟೀರಿಯಾ ಯಾವ ಕಿಣ್ವದಿಂದ ಔಷಧಿ ಒಡೆಯುತ್ತೆ ಅಂತ ಹೇಳೋ ಟೆಸ್ಟ್ ಅದು. “ಬೇಡ ಬಿಡಮ್ಮಾ, ಸುಮ್ನೆ ಖರ್ಚು” ಅಂದೆ. ದಿನಕ್ಕೆ ಮೂರು ವಯಲ್ ತರಿಸುತ್ತಿದ್ದವನು ಒಂದು ಟೆಸ್ಟಿಗೆ ಲೆಕ್ಕ ಹಾಕಿದೆ, ನೋಡಿ! ಔಷಧಿ ಹೊಸದು, ಕೆಲಸ ಮಾಡೇ ಮಾಡುತ್ತೆ ಅನ್ನೋ ಧೈರ್ಯ. ಮೂರು ದಿನ ಕಳೆದರೂ ಜ್ವರ ಇಳಿಯಲಿಲ್ಲ, ಬಿಪಿ ಜಾರತೊಡಗಿತು. ಆಮೇಲೆ ನಾನೇ ಫೋನ್ ಮಾಡಿ ಹಾಕಿಸಿದೆ. ಬಂದಿದ್ದು ಎನ್‌ಡಿಎಂ.

ಅವಿಬ್ಯಾಕ್ಟಮ್ ಕೆಪಿಸಿ ಅನ್ನೋ ಕಿಣ್ವದ ಕೈ ಕಟ್ಟುತ್ತೆ, ಓಎಕ್ಸ್‌ಎ-48ರ ಕೈಯನ್ನೂ ಕಟ್ಟುತ್ತೆ. ಎನ್‌ಡಿಎಂ ಸತುವಿನ ಬಲದಿಂದ ಕೆಲಸ ಮಾಡುವ ಬೇರೆ ಜಾತಿಯ ಕಿಣ್ವ, ಅದನ್ನು ಮುಟ್ಟೋದೂ ಇಲ್ಲ. ಹೆಸರಿನಲ್ಲೇ ನ್ಯೂ ಡೆಲ್ಲಿ ಇರೋ ಕಿಣ್ವ ಅದು, ನಮ್ಮ ವಾರ್ಡುಗಳಲ್ಲಿ ಮಾಮೂಲಿ. ನನಗೆ ಮೊದಲು ಅನುಮಾನ ಬರಬೇಕಿದ್ದದ್ದೇ ಅದರ ಮೇಲೆ.

ಅವತ್ತೇ ಅಜ್ಟ್ರಿಯೋನಮ್ ಅನ್ನೋ ಇನ್ನೊಂದು ಆಂಟಿಬಯಾಟಿಕ್ ಸೇರಿಸಿದೆ. ಎನ್‌ಡಿಎಂಗೆ ಅಜ್ಟ್ರಿಯೋನಮ್ ಒಡೆಯಲು ಆಗಲ್ಲ, ಆದರೆ ಅದೇ ಬ್ಯಾಕ್ಟೀರಿಯಾದಲ್ಲಿರುವ ಇಎಸ್‌ಬಿಎಲ್ ಅನ್ನೋ ಇನ್ನೊಂದು ಕಿಣ್ವ ಅದನ್ನು ಒಡೆದುಹಾಕುತ್ತೆ. ಆ ಇಎಸ್‌ಬಿಎಲ್ ಅನ್ನು ಅವಿಬ್ಯಾಕ್ಟಮ್ ತಡೆಯುತ್ತೆ. ಅದಕ್ಕೇ ಎರಡನ್ನೂ ಒಂದೇ ಹೊತ್ತಿಗೆ ಹರಿಸಬೇಕು. ನರ್ಸಿಗೆ ಬಾಯಲ್ಲಿ ಹೇಳಿದರೆ ಸಾಲದು, ಚಾರ್ಟಿನಲ್ಲಿ ಬರೆಯಿರಿ. ಇಲ್ಲಾಂದ್ರೆ ಒಂದು ಬೆಳಗ್ಗೆ ಆರಕ್ಕೆ, ಇನ್ನೊಂದು ಹತ್ತಕ್ಕೆ ಹೋಗುತ್ತೆ.

ಹಾಗಾಗಿ “ಸ್ಟ್ರಾಂಗ್” ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಬೀಗ ಯಾವುದು ಅಂತ ಗೊತ್ತಿಲ್ಲದೆ ದೊಡ್ಡ ಬೀಗದಕೈ ತಂದು ಏನು ಮಾಡ್ತೀರಿ? ಮೊದಲ ಡೋಸ್ ಕೊಡೋಕೆ ಟೆಸ್ಟ್ ರಿಪೋರ್ಟಿಗೆ ಕಾಯಬೇಡಿ, ಬಿಪಿ ಬಿದ್ದಿದ್ದರೆ ಅಜ್ಟ್ರಿಯೋನಮ್ ಸೇರಿಸಿಯೇ ಶುರು ಮಾಡಿ, ಜೊತೆಗೇ ಜೀನ್ ಟೆಸ್ಟ್ ಕಳಿಸಿ. ಆ ಸೌಲಭ್ಯ ಇಲ್ಲವಾ? ಎರಡೂ ಔಷಧಿಯ ಡಿಸ್ಕ್‌ಗಳನ್ನು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿ ಅಕ್ಕಪಕ್ಕ ಇಟ್ಟು, ನಡುವೆ ಬೆಳವಣಿಗೆ ನಿಲ್ಲುತ್ತಾ ನೋಡೋಕೆ ಮೈಕ್ರೋಬಯಾಲಜಿಯವರನ್ನು ಕೇಳಿ. ಕಲ್ಲೋ ಕೀವೋ ಕಟ್ಟಿಕೊಂಡಿದ್ದರೆ ಅದನ್ನು ತೆಗೆಸಿ. ಇನ್ನು ಜ್ವರವಾಗಲಿ ಸೋಂಕಿನ ಬೇರೆ ಲಕ್ಷಣವಾಗಲಿ ಇಲ್ಲದವರ ಕ್ಯಾತಿಟರ್ ಮೂತ್ರದಲ್ಲಿ ಇದು ಬೆಳೆದಿದೆ ಅಂತ ಯಾರಾದರೂ ರಿಪೋರ್ಟ್ ತಂದರೆ, ದಯವಿಟ್ಟು ಏನೂ ಕೊಡಬೇಡಿ.

ಅಜ್ಜಿ ಉಳಿದರು. ಡಿಸ್ಚಾರ್ಜ್ ದಿನ ಮಗ ಫಾರ್ಮಸಿ ಬಿಲ್ಲುಗಳನ್ನು ಜೋಡಿಸಿಕೊಳ್ಳುತ್ತಾ ಕೇಳಿದ, “ಹಾಗಾದ್ರೆ ಸಾರ್, ಮೊದಲಿನ ಒಂಬತ್ತು ವಯಲ್ ದಂಡನಾ?” ಹೌದಪ್ಪ ಅಂದೆ.