ಆ ರಾತ್ರಿಯ ನೆನಪು ತರಿಸಲೇಬೇಕಾ? ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಕೆಲಸ, ಮನೆಯವರ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು, ನನ್ನ ಹತ್ತಿರ ಆಪ್ತಸಲಹೆಗೆ ಬಂದ ಆ ಹುಡುಗಿ ಒಪ್ಪಿದ್ದಾಳೆ. ಓದಿ ನೋಡಿ, ಬೇಡ ಅನಿಸಿದ ಸಾಲುಗಳನ್ನು ತೆಗೆಸಿದ್ದಾಳೆ.

ಸುಮಾಳಿಗೆ 24 ವರ್ಷ. ಮಲೆನಾಡಿನ ಹುಡುಗಿ. ಈಗ ಬಯಲುಸೀಮೆಯ ಒಂದು ಊರಿನಲ್ಲಿ ಬಟ್ಟೆ ಅಂಗಡಿಯ ಲೆಕ್ಕ ಬರೆಯುತ್ತಾಳೆ. ಜೊತೆಗೆ ಅಮ್ಮ ಮತ್ತು ಸೋದರಮಾವ ಬಂದಿದ್ದರು. ಮಾತು ಶುರು ಮಾಡಿದ್ದು ಮಾವ.

"ಮೇಡಂ, ಇವಳಿಗೆ ಆ ರಾತ್ರಿದು ಏನೂ ನೆನಪಿಲ್ಲ. ಅದು ಒಳಗೇ ಕೂತು ಹೀಗೆಲ್ಲ ಮಾಡಿಸ್ತಿದೆ. ಹಿಪ್ನಾಟಿಸಂ ಮಾಡಿ ಒಂದ್ಸಲ ಹೊರಗೆ ತೆಗೆದುಬಿಡಿ. ಬೇಕಾದ್ರೆ ಟಿವಿಲಿ ತೋರಿಸ್ತಾರಲ್ಲ, ಆ ಮಂಪರು ಪರೀಕ್ಷೆನೂ ಆಗ್ಲಿ."

ಆ ರಾತ್ರಿ ಅಂದರೆ ಗುಡ್ಡ ಜರಿದ ರಾತ್ರಿ. ಆಗ ಅವಳಿನ್ನೂ ಪಿಯುಸಿ ಓದುತ್ತಿದ್ದಳು. ಮಳೆಗಾಲ, ಇನ್ನೂ ಬೆಳಕು ಹರಿದಿರಲಿಲ್ಲ. ಅಪ್ಪ ಅಮ್ಮ ನೆಂಟರ ಮನೆಗೆ ಹೋಗಿ ಅಲ್ಲೇ ಉಳಿದಿದ್ದರು. ಮನೆಯಲ್ಲಿ ಸುಮಾ ಮತ್ತು ತಮ್ಮ ಇಬ್ಬರೇ. ಮನೆ ಹಿಂದಿನ ಧರೆ ಕುಸಿದು ಅರ್ಧ ಮನೆ ಕೊಚ್ಚಿಹೋಯಿತು. ಮೈತುಂಬಾ ಕೆಸರಾಗಿ ರಸ್ತೆಯಲ್ಲಿ ನಿಂತಿದ್ದ ಸುಮಾಳನ್ನು ಪಕ್ಕದ ಮನೆಯವರು ನೋಡಿದರು. ತಮ್ಮ ಆಮೇಲೆ ಸಿಕ್ಕಿದ್ದು ಹೆಣವಾಗಿ. ಏನೋ ಸದ್ದಾಗಿ ಹಾಸಿಗೆಯಿಂದ ಎದ್ದಿದ್ದು ಅವಳಿಗೆ ನೆನಪಿದೆ. ರಸ್ತೆಯಲ್ಲಿ ಯಾರೋ ಕಂಬಳಿ ಹೊದಿಸಿದ್ದು ನೆನಪಿದೆ. ನಡುವಿನದು ಇಲ್ಲ.

ಹೀಗೆ ಗುಡ್ಡ ಜರಿದ ಊರು ಒಂದೆರಡಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರು, ಅದೇ ತಿಂಗಳ ಕೊನೆಗೆ ವಯನಾಡು. ಇವಳ ಊರು ಇವುಗಳಲ್ಲೇ ಒಂದಾಗಿರಬೇಕು ಅಂತಿಲ್ಲ. ಆದರೆ ಇಂಥ ಪ್ರತಿ ಊರಿನಿಂದಲೂ ಜೀವ ಉಳಿಸಿಕೊಂಡು ಬಂದವರಿದ್ದಾರೆ. ಕ್ಯಾಮೆರಾಗಳು ವಾಪಸ್ ಹೋದ ಮೇಲೆ ಅವರ ಮನಸ್ಸಿನಲ್ಲಿ ಏನಾಗುತ್ತಿದೆ ಅಂತ ಕೇಳುವವರು ಕಡಿಮೆ.

ಮೊದಲ ಕೆಲವು ವರ್ಷ ಸುಮಾ ಚೆನ್ನಾಗಿಯೇ ಇದ್ದಳು, ಅಂದರೆ ಹಾಗೆ ಕಾಣುತ್ತಿದ್ದಳು. ಡಿಗ್ರಿ ಮುಗಿಸಿದಳು. 'ಗಟ್ಟಿ ಹುಡುಗಿ' ಅಂತ ಎಲ್ಲರೂ ಹೊಗಳಿದರು. ತೊಂದರೆ ಎದ್ದು ಕಂಡಿದ್ದು ಅಂಗಡಿಯ ಗೋಡೌನ್‌ನಲ್ಲಿ. ತಗಡಿನ ಶೀಟಿನ ಮೇಲೆ ಜೋರು ಮಳೆ ಬಿದ್ದಾಗ ಅವಳು ಕಣ್ಣು ಬಿಟ್ಟುಕೊಂಡೇ ಕಲ್ಲಿನಂತೆ ಕೂತುಬಿಡುತ್ತಿದ್ದಳು. ಕರೆದರೆ ಉತ್ತರವಿಲ್ಲ. ಎಚ್ಚರವಾದ ಮೇಲೆ ಏನಾಯಿತು ಅಂತ ಅವಳಿಗೇ ಗೊತ್ತಿಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಎಚ್ಚರವಾಯಿತು, ಅಲ್ಲಿಗೆ ಹೇಗೆ ಬಂದಳೋ ತಿಳಿಯದು. "ಒಂದೊಂದ್ಸಲ ನನ್ನ ಕೈ ನಂದೇ ಅಲ್ಲ ಅನ್ಸುತ್ತೆ ಮೇಡಂ. ಎಲ್ಲರೂ ಗಾಜಿನ ಆಚೆ ನಿಂತು ಮಾತಾಡಿದ ಹಾಗೆ ಕೇಳ್ಸುತ್ತೆ" ಅಂದಳು.

ಇದಕ್ಕೆ ಡಿಸೋಸಿಯೇಷನ್ ಅನ್ನುತ್ತಾರೆ. ಓಡುವುದಕ್ಕೂ ಆಗದ, ಎದುರಿಸುವುದಕ್ಕೂ ಆಗದ ಹೊತ್ತಿನಲ್ಲಿ ಮನಸ್ಸು ತನ್ನನ್ನು ತಾನೇ ಆ ಜಾಗದಿಂದ ದೂರ ಇಟ್ಟುಕೊಳ್ಳುತ್ತದೆ. ಎಚ್ಚರ, ನೆನಪು, ಮೈಯ ಅರಿವು, 'ಇದು ನಾನು' ಅನ್ನುವ ಭಾವನೆ ಸಾಮಾನ್ಯವಾಗಿ ಒಟ್ಟಿಗೆ ಇರುತ್ತವೆ. ಆಗ ಅವು ಬೇರೆ ಬೇರೆಯಾಗುತ್ತವೆ. ಆ ರಾತ್ರಿ ಅದು ಅವಳನ್ನು ಕಾಪಾಡಿರಬಹುದು. ಕಷ್ಟ ಏನೆಂದರೆ, ಅಪಾಯ ಇಲ್ಲದಾಗಲೂ ಅಪಾಯದ ಒಂದು ಗುರುತು ಕಂಡರೆ ಸಾಕು, ಮನಸ್ಸು ಅದೇ ದಾರಿ ಹಿಡಿಯುತ್ತದೆ. ಸುಮಾಳಿಗೆ ಆ ಗುರುತು ತಗಡಿನ ಮೇಲಿನ ಮಳೆ, ಹಸಿ ಮಣ್ಣಿನ ವಾಸನೆ. ಫ್ರಾನ್ಸಿನ ಮನೋವಿಜ್ಞಾನಿ ಪಿಯೆರ್ ಜಾನೆ 1889ರಲ್ಲೇ ಇಂಥ ರೋಗಿಗಳ ಬಗ್ಗೆ ವಿವರವಾಗಿ ಬರೆದಿದ್ದರು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ ಇವಕ್ಕೆ ಒಂದು ಪ್ರತ್ಯೇಕ ಗುಂಪೇ ಇದೆ. ಇದು ನಾಟಕ ಅಲ್ಲ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಒಂದು ಕಡೆ ಸ್ಕ್ಯಾನ್ ಮಾಡಿಸಿ, "ಎಲ್ಲ ನಾರ್ಮಲ್, ಏನೂ ಇಲ್ಲ" ಅಂದಿದ್ದರು. ಆ 'ಏನೂ ಇಲ್ಲ' ಮನೆಯವರ ಕಿವಿಗೆ 'ಬೇಕಂತಲೇ ಮಾಡ್ತಾಳೆ' ಅಂತ ಕೇಳಿಸಿತು. ಇನ್ನೊಂದು ಕಡೆ ದರ್ಶನ ಕೇಳಲು ಹೋದಾಗ, "ತಮ್ಮನ ಆತ್ಮಕ್ಕೆ ಶಾಂತಿ ಇಲ್ಲ, ಹುಡುಗಿ ಏನೋ ಮುಚ್ಚಿಟ್ಟಿದ್ದಾಳೆ" ಅಂತ ಹೇಳಿಕೆಯಾಯಿತು. ದೇವರು, ಹರಕೆಯ ಬಗ್ಗೆ ನನ್ನ ತಕರಾರಿಲ್ಲ. ಅಮ್ಮನಿಗೆ ಅಲ್ಲಿ ಸಿಗುವ ಸಮಾಧಾನವನ್ನು ನಾನು ಕೊಡಲಾರೆ. ಆದರೆ ಆ ಒಂದು ಮಾತು ಹುಡುಗಿಯ ಎದೆಗೆ ಕಲ್ಲು ಹೊರಿಸಿತ್ತು.

ನಾನು ಡಾಕ್ಟರ್ ಅಲ್ಲ. ಹಾಗಾಗಿ ಮೊದಲು ನರರೋಗ ತಜ್ಞರ ಹತ್ತಿರ ಕಳಿಸಿದೆ. ಮಿದುಳಿನ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ನಾರ್ಮಲ್ ಬಂದ ಮಾತ್ರಕ್ಕೆ ಮೂರ್ಛೆರೋಗ ಇಲ್ಲ ಅನ್ನಲಾಗುವುದಿಲ್ಲ. ಅವರು ವಿಡಿಯೋ ಇಇಜಿ ಮಾಡಿಸಿದರು. ಅವಳು ಹಾಗೆ ಕಲ್ಲಾಗಿ ಕೂತ ಹೊತ್ತು ಅದರಲ್ಲಿ ಸೆರೆಯಾಯಿತು. ಮೂರ್ಛೆಯ ಅಲೆಗಳು ಇರಲಿಲ್ಲ. ಆಮೇಲೆ ಮನೋವೈದ್ಯರು ನೋಡಿ ನಿದ್ದೆ ಮತ್ತು ಖಿನ್ನತೆಗೆ ಮಾತ್ರೆ ಬರೆದರು. ಹೋದ ನೆನಪನ್ನು ತರುವ ಮಾತ್ರೆ ಅಂತ ಯಾವುದೂ ಇಲ್ಲ.

ಇನ್ನು ಹಿಪ್ನಾಟಿಸಂ. ನೆನಪು ಅನ್ನೋದು ಬೀಗ ಹಾಕಿದ ಟ್ರಂಕು, ಕೀಲಿಕೈ ಸಿಕ್ಕರೆ ಒಳಗಿನದು ಇಟ್ಟ ಹಾಗೇ ಸಿಗುತ್ತದೆ ಅಂತ ಮಾವ ನಂಬಿದ್ದರು. ನಮ್ಮಲ್ಲಿ ತುಂಬಾ ಜನ ಹಾಗೇ ನಂಬುತ್ತಾರೆ. ನಾನು ಅವರಿಗೆ ಮೂರು ಸಾಧ್ಯತೆ ಹೇಳಿದೆ. ಆ ಹೊತ್ತಿನದು ಒಳಗೆ ಉಳಿದಿದ್ದು, ಸದ್ಯ ಕೈಗೆ ಸಿಗದೆ ಇರಬಹುದು. ಅಥವಾ ಅಷ್ಟು ಭಯದಲ್ಲಿ ಅದು ಸರಿಯಾಗಿ ದಾಖಲಾಗದೇ ಇರಬಹುದು. ಅಥವಾ ತಲೆಗೆ ಪೆಟ್ಟು ಬಿದ್ದು ಅಳಿಸಿಹೋಗಿರಬಹುದು. ಮೊದಲನೆಯದಾದರೆ ನೆನಪು ಒಂದು ದಿನ ತಾನಾಗಿ ಬಂದೀತು. ಉಳಿದೆರಡಾದರೆ, ಎಷ್ಟು ಹಿಪ್ನಾಟಿಸಂ ಮಾಡಿದರೂ ಅಲ್ಲಿಂದ ತರಲು ಏನೂ ಇಲ್ಲ. ಬರುವುದು ಕಲ್ಪನೆ. ಅಪಾಯ ಇರುವುದೇ ಇಲ್ಲಿ. ಹಿಪ್ನಾಟಿಸಂನಲ್ಲಿ ಬಂದ ಚಿತ್ರ ನಿಜವೋ ಅಲ್ಲವೋ, ಅದರ ಮೇಲಿನ ನಂಬಿಕೆ ಮಾತ್ರ ಜಾಸ್ತಿಯಾಗುತ್ತದೆ.

1995ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ಲಿನ್ ಪಿಕ್ರೆಲ್ ಒಂದು ಪ್ರಯೋಗ ಪ್ರಕಟಿಸಿದರು. 24 ಜನರಿಗೆ ಅವರ ಬಾಲ್ಯದ ಕೆಲವು ಘಟನೆ ಕೊಟ್ಟು ನೆನಪಿಸಿಕೊಳ್ಳಲು ಹೇಳಿದರು. ಅದರಲ್ಲಿ 'ನೀನು ಚಿಕ್ಕವನಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ದೆ' ಅನ್ನುವುದು ಕಟ್ಟಿದ ಕಥೆ. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅದು ಪೂರ್ತಿಯೋ ಅರ್ಧವೋ 'ನೆನಪಾಯಿತು'. ಮಾಲ್‌ನಲ್ಲಿ ಕಳೆದುಹೋಗುವುದಕ್ಕೂ ದೊಡ್ಡ ಆಘಾತಕ್ಕೂ ಹೋಲಿಕೆ ಸರಿಯಲ್ಲ ಅನ್ನುವ ಟೀಕೆ ಇದೆ. ಆ ಟೀಕೆಯಲ್ಲಿ ಹುರುಳಿದೆ. ಆದರೂ ನಾವು ನಂಬುವವರು ಪದೇ ಪದೇ ಕೇಳಿದರೆ ಇಲ್ಲದ್ದೂ ಇದೆ ಅನಿಸಬಹುದು ಅಂತ ಅದು ತೋರಿಸಿತು. ಇನ್ನು ಔಷಧಿ ಕೊಟ್ಟು ಮಂಪರಿನಲ್ಲಿ ಪ್ರಶ್ನೆ ಕೇಳುವ ಮಂಪರು ಪರೀಕ್ಷೆಯ ಬಗ್ಗೆ ಸುಪ್ರೀಂ ಕೋರ್ಟ್ 2010ರ ಮೇ ತಿಂಗಳಲ್ಲಿ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲೇ ತೀರ್ಪು ಕೊಟ್ಟಿದೆ. ಒಪ್ಪಿಗೆ ಇಲ್ಲದೆ ಯಾರಿಗೂ ಮಾಡುವಂತಿಲ್ಲ. ಅದು ಪೊಲೀಸ್ ತನಿಖೆಯ ವಿಷಯ, ನಿಜ. ಆದರೆ ಆರೋಪಿಗೇ ಹಾಗೆ ಮಾಡಬಾರದು ಅಂದ ಮೇಲೆ, ನೊಂದ ಹುಡುಗಿಯನ್ನು ಯಾಕೆ ಹಾಗೆ ಕೂರಿಸಬೇಕು? ಮಾವ ಒಳ್ಳೆಯವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಬೇಡ ಬಿಡಿ" ಅಂದರು.

ಇದನ್ನು ಓದಿ ಯಾರೂ 'ತಡವಾಗಿ ನೆನಪಾಗಿದ್ದೆಲ್ಲ ಸುಳ್ಳು' ಅಂದುಕೊಳ್ಳಬಾರದು. ಚಿಕ್ಕಂದಿನಲ್ಲಿ ದೌರ್ಜನ್ಯ ಅನುಭವಿಸಿದವರಿಗೆ ಎಷ್ಟೋ ವರ್ಷದ ಮೇಲೆ ಅದು ನೆನಪಾಗುವುದುಂಟು. ಅವರನ್ನು ಅನುಮಾನಿಸಿ ಮತ್ತೆ ಗಾಯ ಮಾಡಿದ ಮನೆಗಳನ್ನು ಕಂಡಿದ್ದೇನೆ. ನೆನಪು ನಿಜ ಇರಬಹುದು, ಸ್ವಲ್ಪ ಬದಲಾಗಿರಬಹುದು, ಪೂರ್ತಿ ತಪ್ಪೂ ಇರಬಹುದು. ಬೇರೆ ಆಧಾರ ಇಲ್ಲದೆ, ನೆನಪನ್ನಷ್ಟೇ ನೋಡಿ ನಾನಾಗಲಿ ಇನ್ನೊಬ್ಬ ಚಿಕಿತ್ಸಕರಾಗಲಿ ಇದನ್ನು ತೀರ್ಮಾನ ಮಾಡಲಾಗದು.

ಸುಮಾಳ ವಿಷಯದಲ್ಲಿ ಈ ಮಾತು ಬೇಗನೇ ಪರೀಕ್ಷೆಗೆ ಬಂತು. ಕೆಲವು ವಾರಗಳಾದ ಮೇಲೆ ಅವಳು ಒಬ್ಬಳೇ ಇದ್ದಾಗ ಹೇಳಿದಳು: "ಪೂರ್ತಿ ಮರೆತಿಲ್ಲ ಮೇಡಂ. ಒಂದು ಚಿತ್ರ ಬರುತ್ತೆ. ನಾನು ಅವನ ಕೈ ಬಿಟ್ಟೆ."

ಆ ಚಿತ್ರ ಮೊದಲು ಯಾವಾಗ ಬಂತು ಅಂತ ಕೇಳಿದೆ. ಅವಳು ತುಂಬಾ ಯೋಚಿಸಿದಳು. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದ ಚಿಕ್ಕಮ್ಮ ಅಳುತ್ತಾ, "ಅವನ ಕೈ ಹಿಡ್ಕೊಂಡಿರ್ಲಿಲ್ವೇನೇ? ಬಿಟ್ಟುಬಿಟ್ಯಾ?" ಅಂದಿದ್ದರಂತೆ. ಆ ರಾತ್ರಿಯಿಂದ ಚಿತ್ರ ಶುರುವಾಯಿತು. ಚಿತ್ರದಲ್ಲಿ ಬೆಳಕಿದೆ, ಕೆಂಪು ಮಣ್ಣು ಹರಿಯುವುದು ಸ್ಪಷ್ಟವಾಗಿ ಕಾಣುತ್ತದೆ. ನಿಜದಲ್ಲಿ ಆಗ ಕತ್ತಲೆ, ಕರೆಂಟೂ ಇರಲಿಲ್ಲ. ಗುಡ್ಡ ಜರಿಯುವ ವಿಡಿಯೋಗಳನ್ನು ಆ ವಾರ ಎಲ್ಲರ ಫೋನಿನಲ್ಲೂ ನೋಡಿದ್ದಾಗಿ ಅವಳೇ ಹೇಳಿದಳು. ಚಿತ್ರದಲ್ಲಿ ಅವಳು ತನ್ನನ್ನೇ ಮೇಲಿನಿಂದ ನೋಡುತ್ತಾಳೆ. ಅದೊಂದರಿಂದ ಏನನ್ನೂ ಹೇಳಲಾಗದು, ಆಘಾತದ ಹೊತ್ತಿನಲ್ಲೇ ಹಾಗೆ ಕಂಡವರೂ ಇದ್ದಾರೆ.

'ಅದು ಸುಳ್ಳು ನೆನಪು, ನೀನು ಬಿಟ್ಟಿಲ್ಲ' ಅಂದುಬಿಡುವುದು ಸುಲಭವಿತ್ತು. ಅವಳಿಗೆ ಆ ಕ್ಷಣ ಹಗುರವೂ ಆಗುತ್ತಿತ್ತು. ಆದರೆ ಅದು ನನಗೆ ಗೊತ್ತಿರದ ವಿಷಯ. ನಾನು ಹೇಳಿದ್ದು ಇಷ್ಟು: "ಅದು ನಡೆದದ್ದಾ ಇಲ್ವಾ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಚಿಕ್ಕಮ್ಮನ ಪ್ರಶ್ನೆ ಬಂದ ಮೇಲೆ ಚಿತ್ರ ಬಂತು ಅನ್ನೋದು ಗೊತ್ತು. ಗುಡ್ಡ ಬಂದಾಗ ಹದಿನೇಳು ವರ್ಷದ ಹುಡುಗಿಯ ಕೈಗೆ ಅದನ್ನು ತಡೆಯೋ ಶಕ್ತಿ ಇರಲಿಲ್ಲ ಅನ್ನೋದೂ ಗೊತ್ತು. ಒಂದು ವೇಳೆ ಕೈ ಜಾರಿದ್ರೂ ಅದು ನಿನ್ನ ತಪ್ಪಲ್ಲ." ಆ ಕೊನೆಯ ವಾಕ್ಯವನ್ನು ಅವಳು ಮತ್ತೆ ಹೇಳಿಸಿದಳು.

ಚಿಕಿತ್ಸೆಯ ಮೊದಲ ಭಾಗದಲ್ಲಿ ಆ ರಾತ್ರಿಯ ಮಾತು ಎತ್ತಲೇ ಇಲ್ಲ. ಮೊದಲು ಈ ಕ್ಷಣದಲ್ಲಿ ಇರುವುದನ್ನು ಕಲಿಯಬೇಕಿತ್ತು. ಮಳೆ ಸದ್ದು ಶುರುವಾಗಿ ಮೈ ಮರಗಟ್ಟುವಾಗಲೇ ಎರಡೂ ಪಾದ ನೆಲಕ್ಕೆ ಒತ್ತುವುದು. ಕಣ್ಣಿಗೆ ಕಂಡ ಐದು ವಸ್ತುವಿನ ಹೆಸರು ಬಾಯಿಬಿಟ್ಟು ಹೇಳುವುದು. ತಣ್ಣೀರಲ್ಲಿ ಕೈ ಅದ್ದುವುದು. 'ಇದು ಅಂಗಡಿ, ಇವತ್ತು ಮಂಗಳವಾರ, ನನಗೆ 24' ಅಂತ ಹೇಳಿಕೊಳ್ಳುವುದು. ವಾಸನೆ ಅವಳಿಗೆ ಎಲ್ಲಕ್ಕಿಂತ ಬೇಗ ಕೆಲಸ ಮಾಡಿತು. ಹಾಗಾಗಿ ಪರ್ಸಿನಲ್ಲಿ ಏಲಕ್ಕಿ ಇಟ್ಟುಕೊಂಡಳು, ಕಚ್ಚಿದರೆ ಘಮ್ಮಂತ ಬರುತ್ತದೆ. ಒಂದು ವಿಷಯ ಗಮನಿಸಿ: ಯಾರೋ ಹೇಳಿದ್ದರಿಂದ ಅವಳು ಧ್ಯಾನದ ಕ್ಲಾಸಿಗೆ ಹೋಗುತ್ತಿದ್ದಳು, ಅಲ್ಲಿ ಕಣ್ಣು ಮುಚ್ಚಿದರೆ ಇನ್ನೂ ದೂರ ಹೋಗಿಬಿಡುತ್ತಿದ್ದಳು. ಡಿಸೋಸಿಯೇಷನ್ ಇರುವ ಕೆಲವರಿಗೆ ಹೀಗಾಗುತ್ತದೆ. ಸದ್ಯಕ್ಕೆ ಅದನ್ನು ನಿಲ್ಲಿಸಿದೆವು. ಸ್ಕೂಟಿ ಓಡಿಸುವುದನ್ನೂ ನಿಲ್ಲಿಸಲು ಹೇಳಿದೆ. ಒಲೆ ಮುಂದೆ ಒಬ್ಬಳೇ ಇರುವುದು ಬೇಡ ಅಂದೆ.

ಮನೆಯವರಿಗೆ ಕೊಟ್ಟ ಸಲಹೆ ಬೇರೆ. ಅವಳು ಹಾಗೆ ಕೂತಾಗ ಕೆನ್ನೆಗೆ ಹೊಡೆಯಬೇಡಿ. ಮುಖಕ್ಕೆ ನೀರು ಎರಚಬೇಡಿ. ಕೈಗೆ ಕಬ್ಬಿಣ ತುರುಕಬೇಡಿ. ಹಿಡಿದು ಅಲ್ಲಾಡಿಸಬೇಡಿ, ಹಿಡಿತವೇ ಭಯ ತರಬಹುದು. ಎದುರು ಕೂತು ಮೆಲ್ಲಗೆ ಹೆಸರು ಹಿಡಿದು ಕರೆಯಿರಿ, ಯಾರು ನೀವು, ಎಲ್ಲಿದ್ದೀರಿ ಅಂತ ಹೇಳುತ್ತಿರಿ. ಎಚ್ಚರವಾದ ಮೇಲೆ ವಿಚಾರಣೆ ಬೇಡ, ನೀರು ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, 'ಏನಾದ್ರೂ ನೆನಪಾಯ್ತಾ?' ಅನ್ನುವ ಪ್ರಶ್ನೆಯನ್ನು ಬಿಟ್ಟುಬಿಡಿ.

ಅಮ್ಮನಿಗೆ ಇದು ಕಷ್ಟವಾಯಿತು. ಅವರನ್ನು ಬೇರೆಯಾಗಿ ಕೂರಿಸಿ ಮಾತಾಡಿದೆ. "ನನಗೆ ಒಂದೇ ಒಂದು ಗೊತ್ತಾಗ್ಬೇಕು ಮೇಡಂ. ಅವನು ನನ್ನ ಕರೆದ್ನಾ?" ಅಂದರು. ಇಷ್ಟು ವರ್ಷ ಅವರು ಮಗಳನ್ನು ಕೇಳುತ್ತಿದ್ದುದು ಇದನ್ನೇ, ಬೇರೆ ಬೇರೆ ಮಾತಿನಲ್ಲಿ. ಈ ಪ್ರಶ್ನೆಗೆ ಉತ್ತರ ಮಗಳ ಹತ್ತಿರ ಇಲ್ಲ ಅಂತ ಒಪ್ಪಿಕೊಳ್ಳುವುದು ಮಗನನ್ನು ಎರಡನೇ ಸಲ ಕಳೆದುಕೊಂಡ ಹಾಗಾಯಿತು ಅವರಿಗೆ. ಅವರ ದುಃಖಕ್ಕೂ ಚಿಕಿತ್ಸೆ ಬೇಕಿತ್ತು. ಅವರು ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. ಈ ಪ್ರಕರಣದಲ್ಲಿ ನಾನು ಮಾಡಿದ ಅತಿ ಮುಖ್ಯ ಕೆಲಸ ಇದೇ ಅಂತ ನನ್ನ ಭಾವನೆ.

ಸುಮಾಳಿಗೆ ಸ್ವಲ್ಪ ಹಿಡಿತ ಬಂದ ಮೇಲೆ ಆ ರಾತ್ರಿಯ ಬಗ್ಗೆ ಮಾತಾಡಿದೆವು. ಗೊತ್ತಿರುವುದನ್ನು ಮಾತ್ರ. ಇದಕ್ಕೆ ಮೊದಲು ಎಷ್ಟು ತಯಾರಿ ಬೇಕು ಅನ್ನುವುದರಲ್ಲಿ ಪರಿಣತರಲ್ಲೇ ಒಮ್ಮತವಿಲ್ಲ. ನಾನು ಅವಳ ವೇಗವನ್ನೇ ನೋಡಿಕೊಂಡು ಹೋದೆ. ಹಾಸಿಗೆಯಿಂದ ಎದ್ದದ್ದು, ಆಮೇಲೆ ರಸ್ತೆ, ಕಂಬಳಿ. ನಡುವಿನ ಜಾಗವನ್ನು ಅವಳು ತನ್ನ ನೋಟ್‌ಬುಕ್ಕಿನಲ್ಲಿ ಖಾಲಿ ಬಿಟ್ಟಳು, ತುಂಬಿಸಲು ನಾನು ಹೇಳಲಿಲ್ಲ. ತಮ್ಮನ ಬಗ್ಗೆ ಬರೆದ ಪುಟಗಳು ಜಾಸ್ತಿಯಾದವು. ಅವನ ಕ್ರಿಕೆಟ್ ಹುಚ್ಚು, ಅವನ ಜಗಳ, ಅವನು ಕದ್ದು ತಿನ್ನುತ್ತಿದ್ದ ಕಡುಬು. ಅಲ್ಲಿಯವರೆಗೆ ಸಾವಿನ ಪ್ರಶ್ನೆಯ ಕೆಳಗೆ ಅವನ ಬದುಕೇ ಮುಚ್ಚಿಹೋಗಿತ್ತು.

ಈಗಲೂ ನಡುವಿನ ನೆನಪು ಬಂದಿಲ್ಲ. ಹಾಗೆ ಕಲ್ಲಾಗಿ ಕೂರುವುದು ತುಂಬಾ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಕೈ ಬಿಟ್ಟ ಚಿತ್ರ ಬರುತ್ತದೆ, ಬಂದಾಗ 'ಇದು ಚಿಕ್ಕಮ್ಮ ಕೇಳಿದ ಮೇಲೆ ಬಂದಿದ್ದು' ಅಂತ ಅವಳೇ ಹೇಳಿಕೊಳ್ಳುತ್ತಾಳೆ. ಜೂನ್ ಬರುವ ಮೊದಲು ಬಂದು ಮಳೆಗಾಲಕ್ಕೆ ಏನೇನು ತಯಾರಿ ಅಂತ ನನ್ನ ಜೊತೆ ಕೂತು ಬರೆದುಕೊಂಡು ಹೋಗುತ್ತಾಳೆ.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಮೊದಲು ವೈದ್ಯರಿಗೆ ತೋರಿಸಿ, ಮೂರ್ಛೆರೋಗ ಇದೆಯಾ ಅಂತ ಖಚಿತಪಡಿಸಿಕೊಳ್ಳಿ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಮೊದಲ ಭೇಟಿಯಲ್ಲೇ 'ನಿಮಗೆ ಚಿಕ್ಕಂದಿನಲ್ಲಿ ಏನೋ ಆಗಿದೆ, ಮರೆತಿದ್ದೀರಿ, ನಾನು ಹೊರಗೆ ತೆಗೆಯುತ್ತೇನೆ' ಅಂತ ಯಾರಾದರೂ ಭರವಸೆ ಕೊಟ್ಟರೆ, ಅಲ್ಲಿಂದ ಎದ್ದು ಬನ್ನಿ, ಬೇರೆಯವರನ್ನು ಹುಡುಕಿಕೊಳ್ಳಿ.