ಸಂಪಾದಕರ ಉತ್ತರ: ಬಸ್‌ಸ್ಟಾಪಿನ ಮುಂದಿನ ಒಡ್ಡು

ಕೆನಡಾದ ಒಂಟಾರಿಯೊ ಪ್ರಾಂತ್ಯದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರೂ ಬೇಡ, ಊರೂ ಬೇಡ ಎಂದಿದ್ದಾರೆ. ಸಾರಾಂಶ ಇಷ್ಟು: ಹಾಸನದಿಂದ ಬಂದಿರುವ ಅವರ ತಾಯಿ, ವಯಸ್ಸು ಎಪ್ಪತ್ತೊಂದು, ದೇವಸ್ಥಾನಕ್ಕೆ ಹೋಗಿ ಬಸ್ಸಿನಲ್ಲಿ ವಾಪಸಾಗುತ್ತಿದ್ದರು. ಬಸ್ಸಿನ ಬಾಗಿಲಿಗೂ ಸೈಡ್‌ವಾಕಿಗೂ ನಡುವೆ ಸ್ನೋ ಪ್ಲೋ, ಅಂದರೆ ರಸ್ತೆಯ ಹಿಮ ಗೋರುವ ಗಾಡಿ, ಒತ್ತರಿಸಿಟ್ಟ ಹಿಮದ ಒಡ್ಡು, ಹೆಚ್ಚುಕಮ್ಮಿ ಸೊಂಟದೆತ್ತರ. ಹತ್ತಿ ದಾಟಲು ಹೋಗಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಹಿಮ ಬೀಳುವುದು ನಿಂತು ಆಗಲೇ ನಾಲ್ಕು ದಿನವಾಗಿತ್ತು. ನಗರಸಭೆಗೆ ಫೋನ್ ಮಾಡಿದರೆ, “ನಮ್ಮ ದಾಖಲೆಯಲ್ಲಿ ನಿಮ್ಮ ರಸ್ತೆ ಕ್ಲಿಯರ್ ಆಗಿದೆ ಮೇಡಂ” ಎಂಬ ಉತ್ತರ. ಪತ್ರದ ಕೊನೆಗೆ ಮೂರು ಮಾತು: ಪ್ಲೋ ಓಡಿಸುವವರಿಗೆ ಕಣ್ಣಿಲ್ಲವೇ? ನಾವು ಪ್ರಾಪರ್ಟಿ ಟ್ಯಾಕ್ಸ್ ಕಟ್ಟುವುದನ್ನೇ ನಿಲ್ಲಿಸಿದರೆ ಹೇಗೆ? “ಇಷ್ಟು ದೊಡ್ಡ ದೇಶದಲ್ಲಿ ಇದನ್ನ ಹಾಕೋಕೆ ಒಂದು ಜಾಗ ಇಲ್ವೇನೇ?” ಎಂದು ಕೈಗೆ ಪಟ್ಟಿ ಹಾಕಿಸಿಕೊಂಡು ಕೂತ ಅಮ್ಮ ಕೇಳುತ್ತಿದ್ದಾರೆ, ಏನು ಹೇಳಲಿ?

ಓದುಗರೇ, ಮೊದಲು ಅಮ್ಮನ ಕೈ ಬೇಗ ಕೂಡಲಿ. ನಿಮ್ಮ ಪತ್ರ ಬಂದಾಗ ಅವರು ಬಿದ್ದು ಆರನೇ ದಿನ. ತುರ್ತಾಗಿ ಹೇಳಬೇಕಾದ ಒಂದು ಮಾತನ್ನು ಅಂದೇ ಇಮೇಲಿನಲ್ಲಿ ಬರೆದಿದ್ದೆ. ಅದು ಮಿಕ್ಕವರಿಗೂ ಬೇಕಾದದ್ದೇ, ಮುಂದೆ ಹೇಳುತ್ತೇನೆ.

ನಿಮ್ಮ ಎರಡನೇ ಮಾತನ್ನು ಇಲ್ಲೇ ಮುಗಿಸಿಬಿಡೋಣ. ಟ್ಯಾಕ್ಸ್ ನಿಲ್ಲಿಸಿದರೆ ಬಡ್ಡಿ ಬೆಳೆಯುತ್ತದೆ, ಹಿಮ ಕರಗುವುದಿಲ್ಲ.

ಈಗ ಪ್ಲೋ ಓಡಿಸುವವನ ಕಣ್ಣಿನ ವಿಚಾರ. ಇಲ್ಲಿ ನಾನು ನಿಮ್ಮ ಪಕ್ಷ ಅಲ್ಲ. ಬೆಳಗಿನ ಜಾವ ಮೂರು ಗಂಟೆಗೆ, ಎದುರಿನ ಗಾಜಿಗೆ ಹಿಮ ರಾಚುತ್ತಿರುವಾಗ ಆತ ರಸ್ತೆಯಲ್ಲಿರುತ್ತಾನೆ. ಆ ಗಾಡಿಯ ಮುಂದಿನ ಅಲಗು ಓರೆಯಾಗಿ ಬಲಕ್ಕೆ ತಿರುಗಿರುತ್ತದೆ. ನೇಗಿಲು ಮಣ್ಣನ್ನು ಒಂದೇ ಮಗ್ಗುಲಿಗೆ ಮಗುಚಿದ ಹಾಗೆ ಅದು ಹಿಮವನ್ನು ಬಲಕ್ಕೇ ಮಗುಚುತ್ತ ಹೋಗುತ್ತದೆ. ಈ ದೇಶದಲ್ಲಿ ಗಾಡಿ ಬಲಗಡೆ ಓಡುತ್ತದೆ, ಬಸ್ಸು ನಿಲ್ಲುವುದೂ ಬಲಗಡೆ, ಮನೆಯಂಗಳಕ್ಕೆ ಕಾರು ಹೋಗುವ ದಾರಿ, ಅಂದರೆ ಡ್ರೈವ್‌ವೇ, ಬಾಯಿ ತೆರೆಯುವುದೂ ಅಲ್ಲೇ. ಒಂದೊಂದು ಬಾಯಿಯ ಮುಂದೆಯೂ ಅಲಗನ್ನು ಎತ್ತಿ, ಇಳಿಸಿ, ಸುತ್ತು ಹಾಕಿ ಹೋಗು ಎಂದು ಅವನಿಗೆ ಯಾರೂ ಹೇಳಿಲ್ಲ, ಹಾಗೆ ಹೋದರೆ ಅವನ ಪಾಳಿ ಮುಗಿಯುವುದೂ ಇಲ್ಲ. ಹೀಗೆ ಸಾಲಾಗಿ ಉಳಿಯುವ ಗುಡ್ಡೆಗೆ ಇಲ್ಲಿನವರು ವಿಂಡ್ರೋ ಎನ್ನುತ್ತಾರೆ. ನೀವು ಒಡ್ಡು ಎಂದು ಬರೆದದ್ದು ನನಗೆ ಹೆಚ್ಚು ಹಿಡಿಸಿತು. ನಮ್ಮೂರಲ್ಲಿ ಒಡ್ಡು ಕಟ್ಟುವುದು ನೀರು ನಿಲ್ಲಲೆಂದು. ಇಲ್ಲಿ ನಿಲ್ಲುವುದು ಜನ.

ಈ ಒಡ್ಡು ಮೊದಲ ದಿನದ ಮೆತ್ತನೆ ಹಿಮವಲ್ಲ ಎಂಬುದನ್ನು ಇಲ್ಲಿಗೆ ಹೊಸದಾಗಿ ಬಂದವರು ತಿಳಿಯಬೇಕು. ಪ್ಲೋ ಒತ್ತಿದಾಗ ಹಿಮದ ಜೊತೆ ರಸ್ತೆಯ ಉಪ್ಪು, ಮರಳು, ಟೈರಿನಡಿಯ ಕೆಸರು ಎಲ್ಲ ಸೇರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮೇಲ್ಪದರ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಮೂರು ದಿನಕ್ಕೆ ಮೇಲೆ ಗಟ್ಟಿ ಚಕ್ಕೆ, ಒಳಗೆ ಪೊಳ್ಳು. ನೋಡಿದರೆ ಕಲ್ಲಿನ ಮೆಟ್ಟಿಲು, ಕಾಲಿಟ್ಟರೆ ಮಂಡಿಯವರೆಗೆ ಹೂತುಹೋಗುತ್ತದೆ. ಒಂದು ಕಾಲು ಹೂತು ಇನ್ನೊಂದು ಜಾರಿದಾಗ ಮನುಷ್ಯ ಮಾಡುವುದು ಒಂದೇ ಕೆಲಸ, ಕೈ ಊರುವುದು. ನಿಮ್ಮ ಅಮ್ಮನ ಮಣಿಕಟ್ಟು ಮುರಿದದ್ದು ಹೀಗೇ ಇರಬೇಕು. ಇದು ಸಾಲದು ಎಂಬಂತೆ ಗುಡ್ಡೆಯಿಂದ ಹಗಲು ಇಳಿದ ನೀರು ಸೈಡ್‌ವಾಕಿಗೆ ಅಡ್ಡಲಾಗಿ ಹರಿದು ರಾತ್ರಿ ಗಾಜಿನ ಪದರವಾಗುತ್ತದೆ. ಬ್ಲ್ಯಾಕ್ ಐಸ್ ಎಂದರೂ ಅದಕ್ಕೆ ಬಣ್ಣವಿಲ್ಲ, ಕೆಳಗಿನ ಡಾಂಬರಿನ ಬಣ್ಣವೇ ಅದರ ಬಣ್ಣ. ಉಪ್ಪು ಹಾಕಬಹುದು, ಆದರೆ ಮೈನಸ್ ಹತ್ತರ ಆಸುಪಾಸಿನಿಂದ ಕೆಳಗೆ ಸಾದಾ ಉಪ್ಪು ಹೆಚ್ಚೇನೂ ಮಾಡುವುದಿಲ್ಲ. ಆಗ ಕಾಲಿಗೆ ಹಿಡಿತ ಸಿಗಲು ಮರಳೇ ಗತಿ.

ಬೆಂಗಳೂರಿನಲ್ಲಿ ಮಳೆಗಾಲಕ್ಕೆ ಮುಂಚೆ ಚರಂಡಿಯ ಹೂಳು ತೆಗೆಯುವುದನ್ನು ನೀವು ನೋಡಿರುತ್ತೀರಿ. ತೆಗೆದ ಹೂಳನ್ನು ಚರಂಡಿಯ ಪಕ್ಕದ ಫುಟ್‌ಪಾತ್ ಮೇಲೆ ಗುಡ್ಡೆ ಹಾಕಿ ಹೋಗುತ್ತಾರೆ. ಒಯ್ಯುವ ಲಾರಿ ಬರುವುದರೊಳಗೆ ಮಳೆ ಬರುತ್ತದೆ, ಅರ್ಧ ಹೂಳು ಮತ್ತೆ ಚರಂಡಿಗೆ, ಮಿಕ್ಕರ್ಧ ನಡೆಯುವವರ ಚಪ್ಪಲಿಗೆ. ದಾಖಲೆಯಲ್ಲಿ ಮಾತ್ರ ಚರಂಡಿ ಕ್ಲಿಯರ್. ಫೋನಿನಲ್ಲಿ ನಿಮಗೆ ಸಿಕ್ಕ ಉತ್ತರ ಸುಳ್ಳಲ್ಲ ಎಂದು ನಾನು ಹೇಳುವುದು ಈ ಅರ್ಥದಲ್ಲಿ. ರಸ್ತೆ ನಿಜಕ್ಕೂ ಕ್ಲಿಯರ್ ಆಗಿದೆ. ಹಿಮ ಹೋಗಿಲ್ಲ, ಕಾರಿನವರ ಪಾಲಿನಿಂದ ಕಾಲ್ನಡಿಗೆಯವರ ಪಾಲಿಗೆ ವರ್ಗವಾಗಿದೆ ಅಷ್ಟೆ. ಆಕಾಶದಿಂದ ಬಿದ್ದ ಹಿಮಕ್ಕೆ ನಗರಸಭೆ ಹೊಣೆಯಲ್ಲ, ಒಪ್ಪುತ್ತೇನೆ. ಬಸ್‌ಸ್ಟಾಪಿನ ಮುಂದಿದ್ದ ಒಡ್ಡು ಆಕಾಶದಿಂದ ಬಿದ್ದದ್ದಲ್ಲ. ಅದನ್ನು ಅಲ್ಲಿ ಕಟ್ಟಿದ್ದು ನಗರಸಭೆಯ ಗಾಡಿ. ನಿಮ್ಮ ವಾದ ನಿಲ್ಲಬೇಕಾದದ್ದು ಇದರ ಮೇಲೆ, ಡ್ರೈವರನ ಕಣ್ಣಿನ ಮೇಲಲ್ಲ.

ಈ ವ್ಯತ್ಯಾಸ ನನ್ನ ಬುದ್ಧಿವಂತಿಕೆಯೇನಲ್ಲ. ಕೆನಡಾದ ಸುಪ್ರೀಂ ಕೋರ್ಟಿನವರೆಗೆ ಹೋದ ಒಂದು ಮೊಕದ್ದಮೆ ಹೆಚ್ಚುಕಡಿಮೆ ನಿಮ್ಮ ಕಥೆಯೇ. ಬ್ರಿಟಿಷ್ ಕೊಲಂಬಿಯಾದ ನೆಲ್ಸನ್ ಎಂಬ ಪುಟ್ಟ ಊರಿನಲ್ಲಿ 2015ರ ಜನವರಿ ಮೊದಲ ವಾರ ಜೋರು ಹಿಮ ಬಿತ್ತು. ಪೇಟೆಬೀದಿಯಲ್ಲಿ ಕಾರು ನಿಲ್ಲಿಸುವ ಜಾಗವನ್ನು ನಗರಸಭೆ ಗೋರಿಸಿತು. ಗೋರಿದ್ದನ್ನೆಲ್ಲ ಪಾರ್ಕಿಂಗಿಗೂ ಸೈಡ್‌ವಾಕಿಗೂ ನಡುವೆ ಉದ್ದಕ್ಕೆ ಒಡ್ಡು ಹಾಕಿತು. ದಾಟಲು ಎಲ್ಲೂ ಸಂದು ಬಿಡಲಿಲ್ಲ. ಕಾರು ನಿಲ್ಲಿಸಿ ಅಂಗಡಿಗೆ ಹೊರಟ ನರ್ಸ್ ಒಬ್ಬರು ಒಡ್ಡಿನ ಮೇಲೆ ಕಾಲಿಟ್ಟರು, ಕಾಲು ಹೂತು ಗಂಭೀರವಾಗಿ ಗಾಯವಾಯಿತು. ಹಿಮ ತೆಗೆಯುವುದು ನಮ್ಮ ನೀತಿ ನಿರ್ಧಾರ, ಬಜೆಟ್ಟಿಗೆ ತಕ್ಕಂತೆ ಮಾಡುತ್ತೇವೆ, ಅದನ್ನು ಕೋರ್ಟು ಪ್ರಶ್ನಿಸುವಂತಿಲ್ಲ ಎಂದು ನಗರಸಭೆ ವಾದಿಸಿತು. ವಿಚಾರಣಾ ನ್ಯಾಯಾಲಯ ಆ ವಾದವನ್ನು ಒಪ್ಪಿತು ಕೂಡ. ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. ಕೊನೆಗೆ 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸರ್ವಾನುಮತದಿಂದ ಹೇಳಿತು: ಸಂದು ಬಿಡದೆ ಒಡ್ಡು ಹಾಕಿದ್ದು ಮೂಲಭೂತ ನೀತಿ ನಿರ್ಧಾರವಲ್ಲ. ಜನರನ್ನು ಕಾರು ನಿಲ್ಲಿಸಿ ಎಂದು ಕರೆದ ಮೇಲೆ ಅವರು ಅಪಾಯವಿಲ್ಲದೆ ನಡೆದು ಹೋಗುವಂತೆ ನೋಡಿಕೊಳ್ಳುವ ಹೊಣೆ ನಗರಸಭೆಗಿದೆ. ಹೊಣೆಯನ್ನು ಮೀರಿದೆಯೇ, ಮೀರಿದ್ದರೆ ಪರಿಹಾರವೆಷ್ಟು ಎಂಬುದನ್ನು ತೀರ್ಮಾನಿಸಲು ಮರುವಿಚಾರಣೆಗೆ ಕಳಿಸಿತು. ಆರೂಮುಕ್ಕಾಲು ವರ್ಷವಾದರೂ ಆಕೆಯ ಕೈಗೆ ದುಡ್ಡಿನ ತೀರ್ಪು ಬಂದಿರಲಿಲ್ಲ ಎಂಬುದನ್ನೂ ಗಮನಿಸಿ.

ಇದನ್ನು ಓದಿ ನಾಳೆಯೇ ಕೋರ್ಟಿಗೆ ಓಡಬೇಡಿ. ನಾನು ವಕೀಲನಲ್ಲ. ನಮ್ಮ ಒಂಟಾರಿಯೊದಲ್ಲಿ ಇನ್ನೊಂದು ಗೋಡೆ ಇದೆ. ಇಲ್ಲಿನ 2001ರ ಮುನಿಸಿಪಲ್ ಕಾಯ್ದೆಯ 44ನೇ ಕಲಂ ಪ್ರಕಾರ ಸೈಡ್‌ವಾಕಿನ ಹಿಮ ಅಥವಾ ಮಂಜುಗಡ್ಡೆಯಿಂದ ಗಾಯವಾದರೆ, ಬರೀ ನಿರ್ಲಕ್ಷ್ಯ ತೋರಿಸಿದರೆ ಸಾಲದು, ಘೋರ ನಿರ್ಲಕ್ಷ್ಯ ಎಂದು ಸಾಬೀತು ಮಾಡಬೇಕು. ಅದೇ ಕಲಂ ಇನ್ನೊಂದು ಮಾತು ಹೇಳುತ್ತದೆ. ಎಲ್ಲಿ, ಯಾವಾಗ, ಹೇಗೆ ಗಾಯವಾಯಿತು ಎಂದು ಹತ್ತು ದಿನದೊಳಗೆ ಪುರಸಭೆಯ ಕ್ಲರ್ಕ್‌ಗೆ ಲಿಖಿತ ನೋಟಿಸ್ ಮುಟ್ಟಿಸಬೇಕು, ಖುದ್ದಾಗಿ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ. ತಡವಾಗಿದ್ದಕ್ಕೆ ತಕ್ಕ ಕಾರಣವಿದ್ದರೆ ಕೋರ್ಟು ಮನ್ನಿಸಬಹುದು, ಆದರೆ ಅದನ್ನು ನಂಬಿ ಕೂರಬಾರದು. ನಿಮಗೆ ಇಮೇಲಿನಲ್ಲಿ ಹೇಳಿದ್ದು ಇದನ್ನೇ. ಫೋನ್ ಮಾಡಿ ಬೈದದ್ದು ನೋಟಿಸ್ ಆಗುವುದಿಲ್ಲ. ಮುಂಗೈಗೆ ಪಟ್ಟಿ ಹಾಕಿಸಿ, ಇನ್ಶೂರೆನ್ಸಿನವರ ಜೊತೆ ಜಗಳವಾಡಿ, ಊರಿಗೆ ಫೋನ್ ಮಾಡಿ ಸಮಾಧಾನ ಹೇಳುವಷ್ಟರಲ್ಲಿ ಹತ್ತು ದಿನ ಎಲ್ಲಿ ಹೋಯಿತೆಂದು ಗೊತ್ತಾಗುವುದಿಲ್ಲ. ಬಿದ್ದದ್ದು ಮಾಲ್‌ನ ಅಂಗಳದಲ್ಲೋ ಅಪಾರ್ಟ್‌ಮೆಂಟಿನ ಮುಂದೆಯೋ ಆದರೆ ಲೆಕ್ಕ ಬೇರೆ. ಖಾಸಗಿ ಜಾಗಕ್ಕೆ 2021ರ ಜನವರಿ ಕೊನೆಯಿಂದ ಅರವತ್ತು ದಿನದ ಗಡುವು ಬಂದಿದೆ. ಎರಡರಲ್ಲೂ ಒಡ್ಡು ಕರಗುವ ಮುಂಚೆ ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ಸಲಿಕೆಯನ್ನೋ ಕೊಡೆಯನ್ನೋ ನಿಲ್ಲಿಸಿ, ಎತ್ತರ ತಿಳಿಯಲಿ.

ನಾಲ್ಕು ದಿನ ಬಿಟ್ಟದ್ದು ನ್ಯಾಯವೇ ಎಂದು ಕೇಳಿದ್ದೀರಿ. ಪ್ರಾಂತ್ಯದ ಕನಿಷ್ಠ ನಿರ್ವಹಣಾ ಮಾನದಂಡವನ್ನು ತೆಗೆದು ನೋಡಿ. ಅತಿ ದಟ್ಟಣೆಯ ಒಂದನೇ ದರ್ಜೆ ರಸ್ತೆಯಲ್ಲಿ 2.5 ಸೆಂಟಿಮೀಟರ್ ಹಿಮ ನಿಂತರೆ, ಹಿಮಪಾತ ನಿಂತ ಮೇಲೆ ನಾಲ್ಕು ಗಂಟೆಯೊಳಗೆ ತೆಗೆಯಬೇಕು. ಸೈಡ್‌ವಾಕಿನಲ್ಲಿ 8 ಸೆಂಟಿಮೀಟರ್ ತನಕ ಇರಬಹುದು, ಅದಕ್ಕೆ ಮೀರಿದ್ದನ್ನು ತೆಗೆಯಲು 48 ಗಂಟೆ. ಸೈಡ್‌ವಾಕಿಗೆ ಹಿಮದ ಮಾನದಂಡ ಎಂಬುದು ಬಂದದ್ದೇ 2018ರಲ್ಲಿ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂದರೆ ಇದೇ. ಹೆದ್ದಾರಿಯಲ್ಲಿ ಕಾರು ಜಾರಿದರೆ ಹಲವರು ಸಾಯಬಹುದು, ಅಲ್ಲಿ ಅವಸರ ಬೇಕು, ಸರಿ. ಆದರೆ ಎಂಟು ಸೆಂಟಿಮೀಟರ್ ಹಿಮದಲ್ಲಿ ವಿಂಟರ್ ಟೈರಿನ ಕಾರು ಸಲೀಸಾಗಿ ಹೋಗುತ್ತದೆ. ಮಗುವಿನ ತಳ್ಳುಗಾಡಿಯನ್ನೋ ವೀಲ್‌ಚೇರನ್ನೋ ಅದರಲ್ಲಿ ತಳ್ಳಿ ನೋಡಿ.

ಸ್ವೀಡನ್ನಿನ ಕಾರ್ಲ್‌ಸ್ಕೋಗ ಎಂಬ ಊರು ಈ ಸರದಿಯನ್ನೇ ತಿರುಗಿಸಿತು. ಮೊದಲು ಕಾಲುದಾರಿ, ಸೈಕಲ್ ದಾರಿ, ಬಸ್‌ಸ್ಟಾಪು, ಶಿಶುವಿಹಾರದ ದಾರಿ, ಆಮೇಲೆ ದೊಡ್ಡ ರಸ್ತೆ. ಮುಂಜಾನೆ ಮಗುವನ್ನು ಬಿಟ್ಟು ಬಸ್ಸಿಗೆ ಓಡುವವರಲ್ಲಿ ಹೆಂಗಸರೇ ಹೆಚ್ಚು, ಜಾರಿ ಬಿದ್ದು ಆಸ್ಪತ್ರೆ ಸೇರುವವರಲ್ಲಿ ಕಾರಿನವರಿಗಿಂತ ನಡೆಯುವವರು ಹೆಚ್ಚು ಎಂಬುದು ಅವರ ಲೆಕ್ಕ. ಸ್ಟಾಕ್‌ಹೋಮ್ ಅದನ್ನೇ ಕೈಗೆತ್ತಿಕೊಂಡಿತು. 2016ರ ನವೆಂಬರಿನಲ್ಲಿ ಭಾರಿ ಹಿಮ ಬಿದ್ದು ರಸ್ತೆಯೂ ಕಾಲುದಾರಿಯೂ ಎರಡೂ ಕಟ್ಟಿಕೊಂಡಾಗ ನಗುವವರಿಗೆ ಹಬ್ಬವಾಯಿತು. ಸರದಿ ಬದಲಿಸಿದ ಮಾತ್ರಕ್ಕೆ ಗಾಡಿ, ಆಳು ಹುಟ್ಟುವುದಿಲ್ಲ ಎಂಬುದನ್ನು ಅದು ತೋರಿಸಿತೇ ಹೊರತು ಸರದಿ ತಪ್ಪೆಂದು ಅಲ್ಲ, ನನ್ನ ಮಟ್ಟಿಗೆ.

ಇದೆಲ್ಲ ಕೌನ್ಸಿಲರ್‌ಗೆ ಬರೆದರೆ ಕಸದ ಬುಟ್ಟಿ ಸೇರುತ್ತದೆ ಎಂದಿದ್ದೀರಿ. ಹಿಮದ ವಿಷಯದಲ್ಲಿ ರಾಜಕಾರಣಿಗಳು ಅಷ್ಟು ಧೈರ್ಯವಂತರಲ್ಲ. 1979ರ ಜನವರಿಯಲ್ಲಿ ಷಿಕಾಗೊ ಹಿಮದಲ್ಲಿ ಹೂತಾಗ ಮೇಯರ್ ಮೈಕಲ್ ಬಿಲಾಂಡಿಕ್ ಎಲ್ಲ ಸರಿಯಿದೆ ಎನ್ನುತ್ತಲೇ ಇದ್ದರು. ಮುಂದಿನ ತಿಂಗಳು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಅವರು ಜೇನ್ ಬರ್ನ್ ಎದುರು ಸೋತುಹೋದರು. ಬಹುಶಃ ಆ ಪಾಠ ಕಲಿತೇ ಇರಬೇಕು, 1999ರ ಜನವರಿಯಲ್ಲಿ ಟೊರಾಂಟೊ ಮೇಯರ್ ಮೆಲ್ ಲ್ಯಾಸ್ಟ್‌ಮನ್ ಸೈನ್ಯವನ್ನೇ ಕರೆಸಿದರು. ಕೆನಡಾದ ಮಿಕ್ಕ ಊರುಗಳು ಅದನ್ನು ನೆನೆದು ಇವತ್ತಿಗೂ ನಗುತ್ತವೆ.

ಇನ್ನು ನನ್ನದೇ ಒಂದು ತಪ್ಪು. ಬಂದ ಹೊಸದರಲ್ಲಿ ಡ್ರೈವ್‌ವೇಯ ಹಿಮವನ್ನೆಲ್ಲ ಬಾಚಿ ಬಾಚಿ ಎದುರಿನ ರಸ್ತೆಗೆ ಎಸೆಯುತ್ತಿದ್ದೆ, ಕಾರು ಓಡಾಡಿ ಕರಗುತ್ತದಲ್ಲ ಎಂದು. ಮಿಕ್ಕದ್ದು ಮೂಲೆಯ ಗುಡ್ಡೆಗೆ. ಪಕ್ಕದ ಮನೆಯ ಮುದುಕಪ್ಪ ಎರಡು ದಿನ ನೋಡಿದರು. ಮೂರನೇ ದಿನ ಸಲಿಕೆ ಹಿಡಿದು ಬಂದು, ಮಾತಿಲ್ಲದೆ, ನನ್ನ ಗುಡ್ಡೆಯನ್ನು ಅಗೆಯತೊಡಗಿದರು. ಹತ್ತು ನಿಮಿಷಕ್ಕೆ ಒಳಗಿನಿಂದ ಒಂದು ಹಳದಿ ತಲೆ ಕಂಡಿತು. ಬೆಂಕಿ ಆರಿಸುವವರು ನೀರು ಹಿಡಿಯುವ ಹೈಡ್ರಂಟ್! ರಸ್ತೆಗೆ ಹಿಮ ಎಸೆಯುವುದು ಪ್ರಾಂತ್ಯದ ಸಂಚಾರ ಕಾಯ್ದೆಯಲ್ಲಿ ಅಪರಾಧ ಎಂದು ಅವರೇ ಹೇಳಿದ್ದು. ಬಹಳ ಊರುಗಳಲ್ಲಿ ಮನೆ ಮುಂದಿನ ಸೈಡ್‌ವಾಕ್ ಬಾಚುವುದು ಮನೆಯವರ ಕೆಲಸವೇ. ನಿಮ್ಮ ಊರಿನ ನಿಯಮ ಏನೆಂದು ಒಮ್ಮೆ ನೋಡಿಕೊಳ್ಳಿ, ಪತ್ರ ಬರೆದವರ ಮನೆ ಮುಂದೆಯೇ ಮಂಜುಗಡ್ಡೆ ಇದ್ದರೆ ಕೌನ್ಸಿಲರ್ ಮೊದಲು ಅದನ್ನೇ ತೋರಿಸುತ್ತಾರೆ.

ಅಮ್ಮನ ಪ್ರಶ್ನೆ ಉಳಿಯಿತು. ಹಾಕೋಕೆ ಜಾಗ ಇಲ್ವಾ? ಇದೆ ಎಂದು ಹೇಳಿ. ಮಾಂಟ್ರಿಯಲ್‌ನಲ್ಲಿ ಹಿಮವನ್ನು ಮಗ್ಗುಲಿಗೆ ಸರಿಸಿ ಬಿಡುವುದಿಲ್ಲ, ಎತ್ತಿ ಒಯ್ಯುತ್ತಾರೆ. ರಸ್ತೆ ಬದಿಗೆ ಬೋರ್ಡು ನೆಡುತ್ತಾರೆ, ಎಳೆದೊಯ್ಯುವ ಲಾರಿ ಸೈರನ್ ಊದುತ್ತ ಬರುತ್ತದೆ, ಕೇಳಿ ಜನ ಪೈಜಾಮದಲ್ಲೇ ಓಡಿ ಬಂದು ಕಾರು ತೆಗೆಯುತ್ತಾರೆ. ಹಿಂದೆ ಬರುವ ದೊಡ್ಡ ಬ್ಲೋವರ್, ಪಕ್ಕದಲ್ಲಿ ಹೆಜ್ಜೆ ಹಾಕುವ ಟ್ರಕ್ಕಿಗೆ ಒಡ್ಡನ್ನೇ ತೂರಿ ತುಂಬುತ್ತದೆ. ಖರ್ಚು ಕಡಿಮೆಯಲ್ಲ, ಗದ್ದಲವೂ ಕಡಿಮೆಯಲ್ಲ. ಆ ಟ್ರಕ್ಕುಗಳಲ್ಲಿ ಬಹಳಷ್ಟು ಹೋಗುವುದು ಊರೊಳಗೇ ಇರುವ ಫ್ರಾಂಕಾನ್ ಎಂಬ ಹಳೆಯ ಕಲ್ಲುಗಣಿಗೆ. ಅಲ್ಲಿ ಬಿದ್ದ ಹಿಮದ ಬೆಟ್ಟ ಬೇಸಿಗೆಯಲ್ಲೂ ಪೂರ್ತಿ ಕರಗಿರುವುದಿಲ್ಲ, ಮೇಲೆ ಕಪ್ಪು ಮಣ್ಣು ಹೊದ್ದು ಮಲಗಿರುತ್ತದೆ. ಅಮ್ಮ ಜುಲೈವರೆಗೂ ಇದ್ದರೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಸೀರೆ, ಚಪ್ಪಲಿಯಲ್ಲೇ ಬರಬಹುದು.